ಸೈಲೆನ್ಸರ್ ಮಾರಿ ರೇಸ್ ಗೆದ್ದವನು

ಎರಡನೇ ವರ್ಷದ ಬಿಇಯಲ್ಲಿದ್ದಾಗ ನಾನೊಂದು ದಡ್ಡ ಕೆಲಸ ಮಾಡಿದೆ. ಮಾವ ಕೊಟ್ಟಿದ್ದ ಹಳೇ ಬೈಕಿನ ಸೈಲೆನ್ಸರ್ ಬಿಚ್ಚಿ, ಒಳಗಿದ್ದ ಬ್ಯಾಫಲ್ ಕತ್ತರಿಸಿ ಎಸೆದೆ. ಗಾಡಿ ಸ್ಟಾರ್ಟ್ ಮಾಡಿದರೆ ಬೀದಿಯೆಲ್ಲ ತಿರುಗಿ ನೋಡಬೇಕು ಅನ್ನೋ ಆಸೆ. ನೋಡಿತು ಕೂಡ. ಎದುರು ಮನೆಯ ಅಜ್ಜಿಯಂತೂ ಕಿವಿ ಮುಚ್ಚಿಕೊಂಡೇ ನೋಡಿದರು. ಎರಡು ವಾರ ಹೀರೊ ಥರ ಓಡಾಡಿದೆ. ಆಮೇಲೊಂದು ಭಾನುವಾರ ಹಾಸನದಿಂದ ಸಕಲೇಶಪುರದ ಕಡೆ ಹೊರಟರೆ ಏರಿನಲ್ಲಿ ಗಾಡಿ ಏದುಸಿರು ಬಿಡತೊಡಗಿತು. ಮೊದಲೆಲ್ಲ ಮೂರನೇ ಗೇರಿನಲ್ಲೇ ಹತ್ತುತ್ತಿದ್ದ ದಿಬ್ಬಕ್ಕೆ ಎರಡನೇ ಗೇರ್ ಬೇಕಾಯಿತು. ಸದ್ದು ದುಪ್ಪಟ್ಟಾಗಿತ್ತು, ಎಳೆತ ಮಾತ್ರ ಕಮ್ಮಿಯಾಗಿತ್ತು.

ಇದು ಯಾಕೆ ಹೀಗೆ ಎಂದು ಹುಡುಕುತ್ತ ಹೊರಟಾಗ ಸಿಕ್ಕ ಹೆಸರು ಕಾರ್ಲೊ ಅಬಾರ್ತ್. ಕಾರಿನ ಹುಚ್ಚಿರುವವರಿಗೆ ಈ ಹೆಸರು ಗೊತ್ತು. ಚೇಳಿನ ಗುರುತಿನ ಆ ಪುಟ್ಟ ಇಟಾಲಿಯನ್ ಕಾರುಗಳ ಹಿಂದಿನ ಮನುಷ್ಯ. ಆದರೆ ಆತನ ಕಂಪನಿಗೆ ಅನ್ನ ಹಾಕಿದ್ದು ಕಾರುಗಳಿಗಿಂತ ಹೆಚ್ಚಾಗಿ ಸೈಲೆನ್ಸರ್‌ಗಳು ಎಂದು ಓದಿದಾಗ ನನಗೆ ಕುತೂಹಲ ಹೆಚ್ಚಾಯಿತು.

ಹುಟ್ಟಿದ್ದು 1908ರ ನವೆಂಬರ್ 15ರಂದು, ಆಸ್ಟ್ರಿಯಾದ ವಿಯೆನ್ನಾದಲ್ಲಿ. ಆಗಿನ ಹೆಸರು ಕಾರ್ಲ್. ವೃಶ್ಚಿಕ ರಾಶಿ. ಮುಂದೆ ಆ ಚೇಳೇ ಕಂಪನಿಯ ಲಾಂಛನವಾಯಿತು. ಹದಿಹರೆಯದಲ್ಲೇ ಕೈಗೆ ಸ್ಪ್ಯಾನರ್ ಬಂದಿತ್ತು. ಸೈಕಲ್ ಮತ್ತು ಮೋಟಾರ್ ಸೈಕಲ್ ಚಾಸಿಗಳ ಕೆಲಸ ಕಲಿತ. ಇಪ್ಪತ್ತರ ವಯಸ್ಸಿಗೆ, ಅಂದರೆ ಈಗ ನನ್ನ ವಯಸ್ಸಿಗೆ, ಮೋಟಾರ್ ಸೈಕಲ್ ರೇಸ್‌ಗಳಲ್ಲಿ ಗೆಲ್ಲತೊಡಗಿದ್ದ. ಮರುವರ್ಷ ತನ್ನದೇ ಹೆಸರಿನ ಮೋಟಾರ್ ಸೈಕಲ್ ಕಟ್ಟಿದ.

ಆದರೆ ಆಸ್ಟ್ರಿಯಾದ ಲಿಂಜ್‌ನಲ್ಲಿ ನಡೆದ ಅಪಘಾತ ದೊಡ್ಡ ಪೆಟ್ಟು ಕೊಟ್ಟಿತು. ಒಂಟಿ ಬೈಕಿನ ರೇಸ್ ಬಿಡಬೇಕಾಯಿತು. ಆತ ರೇಸನ್ನೇ ಬಿಡಲಿಲ್ಲ, ಸೈಡ್‌ಕಾರ್ ಜೋಡಿಸಿಕೊಂಡ. ಅದನ್ನೂ ತಾನೇ ವಿನ್ಯಾಸ ಮಾಡಿದ. 1934ರಲ್ಲಿ ಆ ಸೈಡ್‌ಕಾರ್ ಗಾಡಿಯಲ್ಲಿ ಪ್ರಸಿದ್ಧ ಓರಿಯೆಂಟ್ ಎಕ್ಸ್‌ಪ್ರೆಸ್ ರೈಲಿನ ಜೊತೆ ಪಂದ್ಯ ಕಟ್ಟಿದ. ವಿಯೆನ್ನಾಕ್ಕೂ ಬೆಲ್ಜಿಯಂನ ಆಸ್ಟೆಂಡ್‌ಗೂ ನಡುವಿನ ದಾರಿ ಸುಮಾರು 1,300 ಕಿಲೋಮೀಟರ್. ಅಂದಿನ ರಸ್ತೆ, ಅಂದಿನ ಟೈರು. ಆದರೂ ರೈಲನ್ನು ಸೋಲಿಸಿದ. ಪತ್ರಿಕೆಗಳಲ್ಲೆಲ್ಲ ಹೆಸರು ಬಂತು.

ಮಹಾಯುದ್ಧದ ಹೊಸ್ತಿಲಲ್ಲಿ ಯುಗೊಸ್ಲಾವಿಯಾದ ಲ್ಯುಬ್ಲಿಯಾನಾದಲ್ಲಿ ಮತ್ತೊಂದು ಅಪಘಾತ. ಈ ಸಲ ತಿಂಗಳುಗಟ್ಟಲೆ ಆಸ್ಪತ್ರೆ. ರೇಸರ್ ಆಗಿ ಆತನ ಕಥೆ ಬಹುತೇಕ ಅಲ್ಲಿಗೆ ಮುಗಿಯಿತು. ಯುದ್ಧ ಮುಗಿಯುವವರೆಗೂ ಅಲ್ಲೇ ಉಳಿದ. ಆಮೇಲೆ ತಂದೆಯ ಕಡೆಯವರ ನಂಟಿದ್ದ ಉತ್ತರ ಇಟಲಿಯ ಮೆರಾನೊಗೆ ಬಂದು ಕಾರ್ಲ್ ಹೋಗಿ ಕಾರ್ಲೊ ಆದ. ವಯಸ್ಸು ನಲವತ್ತರ ಹತ್ತಿರ. ಮೈ ತುಂಬ ಹಳೇ ಗಾಯ, ಕೈಯಲ್ಲಿ ಕಾಸಿಲ್ಲ. ಇಂಥ ಹೊತ್ತಿನಲ್ಲಿ ಹೊಸದಾಗಿ ಶುರುಮಾಡುವುದು ಎಂದರೆ ಸುಮ್ಮನೆ ಮಾತಲ್ಲ.

ಪೋರ್ಷೆ ಕುಟುಂಬದ ಪರಿಚಯ ಕೆಲಸಕ್ಕೆ ಬಂತು. ಟ್ಯೂರಿನ್‌ನ ಉದ್ಯಮಿ ಪಿಯೆರೊ ದೂಸಿಯೊ ಚಿಸಿಟಾಲಿಯಾ ಎಂಬ ಸ್ಪೋರ್ಟ್ಸ್ ಕಾರ್ ಕಂಪನಿ ನಡೆಸುತ್ತಿದ್ದ. ಫಿಯೆಟ್‌ನ ಸಾಮಾನ್ಯ ಬಿಡಿಭಾಗಗಳನ್ನೇ ಬಳಸಿ ಚಂದದ ಕಾರು ಮಾಡುವುದು ಅದರ ಹೆಚ್ಚುಗಾರಿಕೆ. ಅಬಾರ್ತ್ ಅಲ್ಲಿ ರೇಸಿಂಗ್ ವಿಭಾಗ ಸೇರಿದ. ದೂಸಿಯೊನ ಆಸೆ ದೊಡ್ಡದಾಯಿತು. ಪೋರ್ಷೆಯವರಿಂದ 12 ಸಿಲಿಂಡರ್‌ನ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗ್ರಾಂಡ್ ಪ್ರಿ ಕಾರನ್ನು ಮಾಡಿಸಲು ಹೋಗಿ ಕಂಪನಿಯೇ ಮುಳುಗಿತು. ಆತ ಅರ್ಜೆಂಟೀನಾ ಸೇರಿದ. ಅಬಾರ್ತ್‌ಗೆ ಬರಬೇಕಾದ ಬಾಕಿಯ ಬದಲು ಸಿಕ್ಕಿದ್ದು ಕೆಲವು ರೇಸ್ ಕಾರುಗಳು, ಅದರಲ್ಲೂ ಅರ್ಧ ಕಟ್ಟಿದವು, ಜೊತೆಗೆ ಬಿಡಿಭಾಗಗಳ ರಾಶಿ.

ನಾವಾದರೆ ಅದನ್ನು ಗುಜರಿಗೆ ಹಾಕಿ ಬಂದಷ್ಟು ತೆಗೆದುಕೊಂಡು ಸುಮ್ಮನಾಗುತ್ತಿದ್ದೆವೇನೊ. ಆತ ಆ ರಾಶಿಯ ಮೇಲೇ ಕಂಪನಿ ಕಟ್ಟಿದ. 1949ರ ಮಾರ್ಚ್ 31ರಂದು ಬೊಲೊನ್ಯಾದಲ್ಲಿ ಅಬಾರ್ತ್ ಅಂಡ್ ಕೋ ನೋಂದಣಿಯಾಯಿತು, ಬೇಗನೆ ಟ್ಯೂರಿನ್‌ಗೆ ಬಂತು. ಹಳೇ ಚಿಸಿಟಾಲಿಯಾಗಳನ್ನೇ ಬಿಚ್ಚಿ, ತಿದ್ದಿ ರೇಸಿಗೆ ಇಳಿಸಿದ. 1950ರ ಏಪ್ರಿಲ್ 10ರಂದು ಸಿಸಿಲಿಯ ಮಾಂಟೆ ಪೆಲ್ಲೆಗ್ರಿನೊ ಬೆಟ್ಟದ ಓಟದಲ್ಲಿ ಅಂಥದ್ದೊಂದು ಕಾರನ್ನು ಓಡಿಸಿದವನು ದಂತಕಥೆಯಾಗಿದ್ದ ತಾಜಿಯೊ ನುವೊಲಾರಿ. ವಯಸ್ಸು 57, ಶ್ವಾಸಕೋಶ ಕೆಟ್ಟಿತ್ತು. ಆದರೂ ತನ್ನ ವಿಭಾಗದಲ್ಲಿ ಮೊದಲಿಗನಾದ. ಅದೇ ಅವನ ಕೊನೆಯ ಓಟ.

ಗೆಲುವು ಬಂತು ಸರಿ, ದುಡ್ಡು? ರೇಸಿಂಗ್ ಎಂದರೆ ತಳವಿಲ್ಲದ ಕೊಡ. ಇಲ್ಲಿಯೇ ಸೈಲೆನ್ಸರ್ ಕಥೆಗೆ ಬರುತ್ತದೆ. ಯುದ್ಧದಲ್ಲಿ ಸೋತ ಇಟಲಿಯಲ್ಲಿ ಹೊಸ ಸ್ಪೋರ್ಟ್ಸ್ ಕಾರು ಕೊಳ್ಳುವವರು ಎಷ್ಟು ಜನ? ಆದರೆ ಪುಟ್ಟ ಫಿಯೆಟ್ ಟೊಪೊಲಿನೊ ಇದ್ದವರು ಬೇಕಾದಷ್ಟಿದ್ದರು. ಅವರಿಗೂ ಒಂದು ಆಸೆ ಇರುತ್ತದಲ್ಲ? ಆ ಆಸೆಗೆ ಕೈಗೆಟಕುವ ಬೆಲೆಯಲ್ಲಿ ಒಂದು ಬಿಡಿಭಾಗ ಮಾರಿದರೆ? ಅಬಾರ್ತ್ ಸೈಲೆನ್ಸರ್ ಹುಟ್ಟಿದ್ದು ಹೀಗೆ.

ನಾನು ಎಸೆದ ಬ್ಯಾಫಲ್ ನೆನಪಾಗಿ ನಾಚಿಕೆಯಾದದ್ದು ಈ ಸೈಲೆನ್ಸರಿನ ಒಳಗನ್ನು ತಿಳಿದಾಗ. ಮಾಮೂಲಿ ಸೈಲೆನ್ಸರಿನಲ್ಲಿ ಹೊಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಸುತ್ತಿ ಸುತ್ತಿ ಹೋಗುತ್ತದೆ. ಸದ್ದು ಅಡಗುತ್ತದೆ, ಆದರೆ ಹೊಗೆಗೆ ತಡೆ. ಆ ಹಿನ್ನೊತ್ತಡದ ವಿರುದ್ಧ ಪಿಸ್ಟನ್ ದುಡಿಯಬೇಕು. ಅಬಾರ್ತ್ ಒಳಗೆ ನೇರವಾದ, ಮೈತುಂಬ ತೂತಿರುವ ಕೊಳವೆ ಇಟ್ಟು, ಸುತ್ತ ಗಾಜಿನ ನಾರು ತುಂಬಿದ. ಹೊಗೆ ನೇರ ಹೊರಗೆ ಹೋಗುತ್ತದೆ. ಸದ್ದಿನ ಕರ್ಕಶ ಭಾಗವನ್ನು ನಾರು ಹೀರಿಕೊಳ್ಳುತ್ತದೆ. ಉಳಿಯುವುದು ಗಟ್ಟಿಯಾದ ಒಂದು ಗುನುಗು. ಎಂಜಿನ್ ಸರಾಗವಾಗಿ ಉಸಿರು ಬಿಡುತ್ತದೆ, ಅಷ್ಟೇ ಅದರ ಗುಟ್ಟು. ನಾನು ಮಾಡಿದ್ದೇನು? ಕೊಳವೆಯ ಲೆಕ್ಕ ನೋಡಲಿಲ್ಲ, ಕಾರ್ಬುರೇಟರಿನ ಜೆಟ್ ಮುಟ್ಟಲಿಲ್ಲ, ಇಂಧನ ಮತ್ತು ಗಾಳಿಯ ಪ್ರಮಾಣ ಕೆಡಿಸಿದೆ. ಸದ್ದೇ ಶಕ್ತಿ ಅಂದುಕೊಂಡಿದ್ದೆ.

ಕಪ್ಪು ಮೈ, ಹೊಳೆಯುವ ಕ್ರೋಮ್ ತುದಿಯ ಆ ಸೈಲೆನ್ಸರ್ ಇಟಲಿ ದಾಟಿ ಹೊರದೇಶಗಳಿಗೂ ಹೋಯಿತು. 1962ರ ಹೊತ್ತಿಗೆ ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ತಯಾರಾಗುತ್ತಿದ್ದವು, ಅರ್ಧಕ್ಕಿಂತ ಹೆಚ್ಚು ರಫ್ತಿಗೆ. ಈ ದುಡ್ಡಿನಲ್ಲೇ ರೇಸ್ ಕಾರುಗಳು ಓಡಿದವು. ಆ ಕಾರುಗಳು ಗೆದ್ದಾಗ ಸೈಲೆನ್ಸರ್ ಇನ್ನಷ್ಟು ಮಾರಾಟವಾದವು.

1955ರಲ್ಲಿ ಫಿಯೆಟ್ 600 ಬಂದಾಗ ಅಬಾರ್ತ್‌ನ ನಿಜವಾದ ಕಾಲ ಶುರುವಾಯಿತು. ಆ ಕಾರಿನ ಎಂಜಿನ್ 633 ಸಿಸಿ, ಶಕ್ತಿ ಇಪ್ಪತ್ತೊಂದು ಅಶ್ವಶಕ್ತಿಯ ಆಸುಪಾಸು. ಆತ ಸಿಲಿಂಡರಿನ ವ್ಯಾಸವನ್ನು 60 ಮಿ.ಮೀ.ನಿಂದ 61ಕ್ಕೆ ಮಾತ್ರ ಏರಿಸಿದ. ಹೊಸ ಕ್ರ್ಯಾಂಕ್‌ಶಾಫ್ಟ್ ಹಾಕಿ ಪಿಸ್ಟನ್ನಿನ ಓಟವನ್ನು 56ರಿಂದ 64 ಮಿ.ಮೀ.ಗೆ ತಂದ. ಲೆಕ್ಕ ಹಾಕಿ ನೋಡಿ, 747 ಸಿಸಿ ಆಗುತ್ತದೆ. ಜೊತೆಗೆ ಬೇರೆ ಕ್ಯಾಮ್‌ಶಾಫ್ಟ್, ದೊಡ್ಡ ಕಾರ್ಬುರೇಟರ್, ತನ್ನದೇ ಸೈಲೆನ್ಸರ್. ಶಕ್ತಿ ಹೆಚ್ಚುಕಡಿಮೆ ಇಮ್ಮಡಿ, ನಲವತ್ತರ ಹತ್ತಿರ. ಇದೆಲ್ಲವನ್ನೂ ಒಂದು ಮರದ ಪೆಟ್ಟಿಗೆಯಲ್ಲಿ ಜೋಡಿಸಿ ಕಿಟ್ ಆಗಿ ಮಾರಿದ. ಕೊಂಡವನು ತನ್ನ ಊರಿನ ಮೆಕ್ಯಾನಿಕ್ ಹತ್ತಿರ ಜೋಡಿಸಿಕೊಳ್ಳಬಹುದಿತ್ತು. ವಾರವಿಡೀ ಆಫೀಸಿಗೆ ಓಡಿಸಿದ ಕಾರನ್ನು ಭಾನುವಾರ ಬೆಟ್ಟದ ರೇಸಿಗೆ ಇಳಿಸಿದವರು ಎಷ್ಟೋ ಮಂದಿ. ಇನ್ನೂ ಬೇಕೆಂದವರಿಗೆ ಇದೇ ಎಂಜಿನ್ನಿನ ಜಗಾಟೊ ಕೂಪೆ ಇತ್ತು. ತಲೆ ತಾಗದಿರಲೆಂದು ಅದರ ಚಾವಣಿಯಲ್ಲಿ ಎರಡು ಉಬ್ಬು ಇರುತ್ತಿದ್ದವು. ಇಂದು ಹಳೇ ಸ್ಪೋರ್ಟ್ಸ್ ಕಾರು ಸಂಗ್ರಹಿಸುವವರು ಮುಗಿಬೀಳುವ ಕಾರು ಅದು.

ನನಗೆ ಹೆಚ್ಚು ಇಷ್ಟವಾದದ್ದು ಮುಂದಿನ ಭಾಗ. ಶಕ್ತಿ ಹೆಚ್ಚಿದರೆ ಬಿಸಿಯೂ ಹೆಚ್ಚುತ್ತದೆ. ಅದಕ್ಕೆ ರೆಕ್ಕೆಗಳಿರುವ ದೊಡ್ಡ ಅಲ್ಯೂಮಿನಿಯಂ ಆಯಿಲ್ ಸಂಪ್ ಮಾಡಿದ. ರೇಸ್ ಕಾರುಗಳ ಮೂತಿಗೆ ರೇಡಿಯೇಟರ್ ತಂದು ಕೂರಿಸಿದ. ಹಿಂದಿನ ಎಂಜಿನ್ ಮುಚ್ಚಳ ಎತ್ತಿಯೇ ಇರುವಂತೆ ಕಂಬಿ ಕೊಟ್ಟ. ವೇಗ ಹೆಚ್ಚಿದ ಮೇಲೆ ಬ್ರೇಕ್ ಹಳೆಯದಾದರೆ ಹೇಗೆ? 850 ಸಿಸಿ ಮಾದರಿಯಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. ನನ್ನ ಗೆಳೆಯನೊಬ್ಬ ಬೈಕಿಗೆ ಬೋರ್ ಕಿಟ್ ಹಾಕಿಸಿದ, ಬ್ರೇಕ್ ಹಾಗೆಯೇ ಬಿಟ್ಟ. ಅವನ ಕಾಲಿನಲ್ಲಿ ಈಗಲೂ ಸ್ಟೀಲ್ ರಾಡ್ ಇದೆ. ಒಂದು ಸೆಮಿಸ್ಟರ್ ಹೋಯಿತು. ಅವನು ಖರ್ಚು ಮಾಡಿದ್ದು ಓಡಲಿಕ್ಕೆ ಮಾತ್ರ, ನಿಲ್ಲಲಿಕ್ಕೆ ಅಲ್ಲ.

1957ರಲ್ಲಿ ಫಿಯೆಟ್ 500 ಬಂತು. ಎರಡೇ ಸಿಲಿಂಡರ್, 13 ಅಶ್ವಶಕ್ತಿ. ಜನ ಮೊದಲು ಮೂಗು ಮುರಿದರು. ಅಬಾರ್ತ್ ಅದನ್ನು ತಿದ್ದಿ 1958ರ ಫೆಬ್ರವರಿಯಲ್ಲಿ ಮೊಂಜಾ ಟ್ರ್ಯಾಕಿಗೆ ಒಯ್ದ. ಚಾಲಕರು ಸರದಿಯ ಮೇಲೆ ಕೂತರು, ಕಾರಿಗೆ ಮಾತ್ರ ವಿಶ್ರಾಂತಿ ಇಲ್ಲ. ಏಳು ಹಗಲು ಏಳು ರಾತ್ರಿ, ಒಟ್ಟು 168 ಗಂಟೆ, 18,186 ಕಿಲೋಮೀಟರ್. ಸರಾಸರಿ ವೇಗ ಗಂಟೆಗೆ 108 ಕಿ.ಮೀ. ಮೇಲೆ. ಯುರೋಪಿನ ಚಳಿಗಾಲದಲ್ಲಿ ಇದು ಪರೀಕ್ಷೆಯಲ್ಲದೆ ಇನ್ನೇನು? ಅಬಾರ್ತ್‌ನ ಪ್ರತಿ ಗೆಲುವಿಗೂ ಹಣ ಕೊಡುವ ಒಪ್ಪಂದಕ್ಕೆ ಫಿಯೆಟ್ ಮುಂದಾಯಿತು. 1963ರಲ್ಲಿ ಅದೇ ಕಾರಿನಿಂದ ಅಬಾರ್ತ್ 595 ಹುಟ್ಟಿತು. 27 ಅಶ್ವಶಕ್ತಿ, ಗಂಟೆಗೆ 120 ಕಿ.ಮೀ.

1965ರ ಅಕ್ಟೋಬರ್‌ನಲ್ಲಿ ಆತ ತಾನೇ ಸ್ಟಿಯರಿಂಗ್ ಹಿಡಿದ. 57 ತುಂಬಲು ಇನ್ನು ಕೆಲವೇ ದಿನ. ಕಾರಿನ ಸೀಟು ಇಕ್ಕಟ್ಟು, ಆತನದು ಭಾರಿ ದೇಹ. ಸೇಬಿನ ಪಥ್ಯ ಮಾಡಿ 30 ಕಿಲೊ ಇಳಿಸಿದ. ಕಾರನ್ನು ತಿದ್ದುತ್ತ ಬಂದವನು ಈ ಸಲ ತನ್ನನ್ನೇ ತಿದ್ದಿಕೊಂಡ. ಮೊಂಜಾದಲ್ಲಿ ವೇಗವರ್ಧನೆಯ ದಾಖಲೆ ಬರೆದೇ ಕೆಳಗಿಳಿದ.

ಆದರೆ ದೂಸಿಯೊಗೆ ಬಂದ ಆಸೆ ಅಬಾರ್ತ್‌ಗೂ ಬಂತು. ಫಿಯೆಟ್‌ನ ಹಂಗಿಲ್ಲದ ದೊಡ್ಡ ರೇಸ್ ಕಾರುಗಳು ಬೇಕೆನಿಸಿತು. ಆರು ಲೀಟರಿನ 12 ಸಿಲಿಂಡರ್ ಎಂಜಿನ್ ಕೈಗೆತ್ತಿಕೊಂಡರೆ, ರೇಸಿನ ನಿಯಮ ಬದಲಾಗಿ ಅದನ್ನು ಕೈಬಿಡಬೇಕಾಯಿತು. ಖರ್ಚು ಏರುತ್ತಲೇ ಹೋಯಿತು. 1971ರಲ್ಲಿ ಕಂಪನಿಯನ್ನು ಫಿಯೆಟ್‌ಗೆ ಮಾರಿ ವಿಯೆನ್ನಾಕ್ಕೆ ಮರಳಿದ. 1979ರ ಅಕ್ಟೋಬರ್ 24ರಂದು ತೀರಿಕೊಂಡ. ಆತನ ಹೆಸರು ಹೊತ್ತ ಫಿಯೆಟ್ 131 ಮಾತ್ರ 1977, 1978 ಮತ್ತು 1980ರಲ್ಲಿ ವಿಶ್ವ ರ್‍ಯಾಲಿ ಪ್ರಶಸ್ತಿ ಗೆದ್ದಿತು. ನಮ್ಮ ದೇಶಕ್ಕೂ ಆ ಚೇಳು 2015ರಲ್ಲಿ ಬಂತು, ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ತಯಾರಾದ ಪುಂಟೊ ಕಾರಿನ ಮೇಲೆ.

ಹಳೇ ಅಬಾರ್ತ್ ಇಟ್ಟುಕೊಂಡವರಿಗೆ ಇಂದು ಒಂದು ತಲೆನೋವಿದೆ. ಕಿಟ್ ಕೊಂಡು ಮನೆಯಲ್ಲೇ ಜೋಡಿಸಿದ ಕಾರು ಯಾವುದು, ಕಾರ್ಖಾನೆಯಿಂದ ಬಂದದ್ದು ಯಾವುದು, ಬರೀ ಚೇಳು ಅಂಟಿಸಿಕೊಂಡದ್ದು ಯಾವುದು ಎಂದು ಹೇಳುವುದು ಕಷ್ಟ. ಹಾಗಾಗಿ ಒಂದು ಅಸಲಿ ಸಂಪ್, ಒಂದು ಅಸಲಿ ಸೈಲೆನ್ಸರ್‌ಗೂ ಚಿನ್ನದ ಬೆಲೆ.

ನಮ್ಮಲ್ಲಿ ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. ಬೆಂಗಳೂರಿನಲ್ಲಿ ಪೊಲೀಸರು ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ಫೋಟೊ ನೀವೂ ನೋಡಿರುತ್ತೀರಿ. ಮೊದಲೆಲ್ಲ ಅದನ್ನು ನೋಡಿ ಕೋಪ ಬರುತ್ತಿತ್ತು. ಈಗ ಅನಿಸುವುದು, ಅವುಗಳಲ್ಲಿ ಅಳೆದು, ಲೆಕ್ಕ ಹಾಕಿ ಮಾಡಿದ್ದು ಎಷ್ಟಿದ್ದವು? ಕೈಗೆ ಎಂಜಿನಿಯರಿಂಗ್ ಪುಸ್ತಕ ಬಂದಿರುವ ನಾವಾದರೂ ಗರಗಸ ಹಿಡಿಯುವ ಮೊದಲು ಪೆನ್ಸಿಲ್ ಹಿಡಿಯಬೇಡವೇ? ವೇಗದ ಆಸೆ ಇದ್ದರೆ ಕಾಲೇಜಿನ ವಿದ್ಯಾರ್ಥಿ ರೇಸ್ ಕಾರ್ ತಂಡಗಳಿವೆ, ಟ್ರ್ಯಾಕ್ ಇದೆ. ನಾನೀಗ ಅಂಥದ್ದೊಂದು ತಂಡದಲ್ಲಿ ಎಕ್ಸಾಸ್ಟ್ ಕೊಳವೆಯ ಉದ್ದದ ಲೆಕ್ಕ ಹಾಕುವ ಹುಡುಗ.

ಬೈಕಿನ ಕಥೆ ಏನಾಯಿತು ಅಂದಿರಾ? ಆ ಮಾದರಿ ನಿಂತು ವರ್ಷಗಳಾಗಿದ್ದವು. ಜೆ.ಸಿ. ರಸ್ತೆಯಲ್ಲಿ ಮೂರು ಶನಿವಾರ ಅಂಗಡಿ ಅಂಗಡಿ ಅಲೆದ ಮೇಲೆ, ಧೂಳು ಹಿಡಿದ ಒಂದು ಅಸಲಿ ಸೈಲೆನ್ಸರ್ ಸಿಕ್ಕಿತು. ಎರಡು ತಿಂಗಳ ಪಾಕೆಟ್ ಮನಿ ಹೋಯಿತು. ಎದುರು ಮನೆಯ ಅಜ್ಜಿ ಈಗ ತಿರುಗಿಯೂ ನೋಡುವುದಿಲ್ಲ. ಆದರೆ ಸಕಲೇಶಪುರದ ಏರನ್ನು ಗಾಡಿ ಮತ್ತೆ ಮೂರನೇ ಗೇರಿನಲ್ಲೇ ಹತ್ತುತ್ತಿದೆ.