ಆಳನ್ನು ಅಳೆದ ಗುಮಾಸ್ತ: ಆಲ್ಫೋನ್ಸ್ ಬರ್ಟಿಲಾನ್

ಒಬ್ಬನು ತಾನು ಇಂಥವನೆಂದು ಹೇಳಿಕೊಂಡರೆ ಅದನ್ನು ನಂಬುವುದು ಹೇಗೆ? ಹಳ್ಳಿಯಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಇಂಥವರ ಮಗ, ಇಂಥವರ ಅಳಿಯ ಎಂದು ಹೇಳುವವರು ಅಲ್ಲಿ ನಾಲ್ಕು ಜನ ಇದ್ದೇ ಇರುತ್ತಾರೆ. ಲಕ್ಷಾಂತರ ಜನ ಒಬ್ಬರನ್ನೊಬ್ಬರು ಅರಿಯದೆ ಬಾಳುವ ಮಹಾನಗರಗಳಲ್ಲಿ ಇದು ತೊಡಕಿನ ಪ್ರಶ್ನೆ. ಪಡಿತರದ ಅಂಗಡಿಯಲ್ಲಿ ಯಂತ್ರದ ಮೇಲೆ ಬೆರಳೊತ್ತಿ ಅಕ್ಕಿ ಪಡೆಯುವ ಈ ಕಾಲದ ನಮಗೆ ಇದರ ಉತ್ತರ ಸಲೀಸಾಗಿ ದೊರೆತಂತೆ ತೋರಬಹುದು. ಆದರೆ ಮನುಷ್ಯನ ದೇಹವೇ ಅವನ ಗುರುತಿನ ಚೀಟಿ ಎಂಬ ಭಾವನೆಯನ್ನು ಒಂದು ಕ್ರಮಬದ್ಧವಾದ ಪದ್ಧತಿಯನ್ನಾಗಿ ಮಾಡಿ, ಸರ್ಕಾರದ ದಫ್ತರಿನಲ್ಲಿ ಅದನ್ನು ನಡೆಸಿ ತೋರಿಸಿದವನು ಪ್ಯಾರಿಸ್ ನಗರದ ಪೋಲೀಸ್ ಕಚೇರಿಯ ಒಬ್ಬ ಕೆಳದರ್ಜೆಯ ಗುಮಾಸ್ತ. ಆತನೇ ಆಲ್ಫೋನ್ಸ್ ಬರ್ಟಿಲಾನ್. ಫ್ರೆಂಚರ ಬಾಯಲ್ಲಿ ಈ ಹೆಸರು ಬೆರ್ತಿಯೋಂ ಎಂದಾಗುತ್ತದೆ. ಇಂಗ್ಲಿಷಿನ ಮೂಲಕ ನಮಗೆ ಬಂದ ರೂಪವನ್ನೇ ಇಲ್ಲಿ ಬಳಸಿದ್ದೇನೆ.

ಬರ್ಟಿಲಾನನು 1853ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಪ್ಯಾರಿಸಿನಲ್ಲಿ ಜನಿಸಿದನು. ಅದು ವಿದ್ವಾಂಸರ ಮನೆ. ತಂದೆ ಲೂಯಿ ಅಡಾಲ್ಫ್ ಬರ್ಟಿಲಾನ್ ವೈದ್ಯ, ಸಂಖ್ಯಾಶಾಸ್ತ್ರಜ್ಞ, ಮಾನವಶಾಸ್ತ್ರದಲ್ಲಿಯೂ ಹೆಸರಾದವನು. ತಾಯಿಯ ತಂದೆ ಆಶಿಲ್ ಗಿಯಾರ್ ಜನಸಂಖ್ಯಾಶಾಸ್ತ್ರಕ್ಕೆ ಡೆಮಾಗ್ರಫಿ ಎಂಬ ಹೆಸರನ್ನಿತ್ತವನು. ಅಣ್ಣ ಜಾಕ್ ಬರ್ಟಿಲಾನನು ಮರಣ ಕಾರಣಗಳನ್ನು ವರ್ಗೀಕರಿಸಿ ಮಾಡಿದ ಪಟ್ಟಿಯೇ ಮುಂದೆ ಬೆಳೆದು ಇಂದು ಜಗತ್ತಿನ ಆಸ್ಪತ್ರೆಗಳೆಲ್ಲ ಬಳಸುವ ರೋಗಗಳ ಪಟ್ಟಿಯಾಗಿದೆ. ಎಣಿಸುವುದು, ಅಳೆಯುವುದು, ವಿಂಗಡಿಸುವುದು ಆ ಮನೆಯ ನಿತ್ಯದ ಮಾತು. ಇಂಥ ಮನೆಯಲ್ಲಿ ಹುಟ್ಟಿದ ಆಲ್ಫೋನ್ಸನು ಮಾತ್ರ ಓದಿನಲ್ಲಿ ಹಿಂದೆ. ಒಂದಲ್ಲ, ಹಲವು ಶಾಲೆಗಳು ಅವನನ್ನು ಹೊರಹಾಕಿದವು. ಕೆಲಕಾಲ ಬ್ರಿಟನ್ನಿನಲ್ಲಿ ಫ್ರೆಂಚ್ ಪಾಠ ಹೇಳಿ ಹೊಟ್ಟೆ ಹೊರೆದನು. ಕಡ್ಡಾಯದ ಸೈನ್ಯ ಸೇವೆಯನ್ನು ಮುಗಿಸಿದನು. ಕೊನೆಗೆ ತಂದೆಯ ವಶೀಲಿಯಿಂದ 1879ರಲ್ಲಿ ಪೋಲೀಸ್ ಕಚೇರಿಯಲ್ಲಿ ಒಂದು ಗುಮಾಸ್ತಿಕೆ ದೊರೆಯಿತು.

ಆತನಿಗೆ ವಹಿಸಿದ ಕೆಲಸ ನಕಲು ಮಾಡುವುದು. ಹಿಡಿದು ತಂದವರ ಚಹರೆಯನ್ನು ಬರೆದ ಚೀಟಿಗಳು ದಿನವೂ ಬರುತ್ತಿದ್ದವು. ಎತ್ತರ ಸಾಧಾರಣ, ಮುಖ ಸಾಧಾರಣ, ಮೂಗು ಸಾಧಾರಣ, ಇದೇ ವರ್ಣನೆ. ಪ್ಯಾರಿಸಿನ ಅರ್ಧ ಜನಕ್ಕೆ ಹೊಂದುವ ಈ ಚಹರೆಯಿಂದ ಯಾರನ್ನು ಹಿಡಿಯಲು ಸಾಧ್ಯ? ಭಾವಚಿತ್ರಗಳೂ ಸಹಸ್ರಗಟ್ಟಲೆ ಸೇರಿದ್ದವು. ಆದರೆ ಅವನ್ನು ಹುಡುಕುವುದಕ್ಕೆ ಕ್ರಮವೇ ಇರಲಿಲ್ಲ. ಹಳೆಯ ಕಳ್ಳನು ಹೊಸ ಹೆಸರು ಹೇಳಿದರೆ ಹೊಸ ಮನುಷ್ಯನೇ ಆಗಿಬಿಡುತ್ತಿದ್ದನು. ಅಪರಾಧಿಯ ಮೈಮೇಲೆ ಬರೆ ಹಾಕುವ ಕ್ರೂರ ಪದ್ಧತಿಯನ್ನು ಫ್ರಾನ್ಸ್ 1832ರಲ್ಲಿಯೇ ಕೈಬಿಟ್ಟಿತ್ತು. ಅದರ ಸ್ಥಾನಕ್ಕೆ ಬೇರೆ ಯಾವುದೂ ಬಂದಿರಲಿಲ್ಲ.

ಚಳಿಯ ಆ ಕೋಣೆಯಲ್ಲಿ ಚೀಟಿ ಬರೆಯುತ್ತ ಕುಳಿತ ಬರ್ಟಿಲಾನನಿಗೆ ಮನೆಯಲ್ಲಿ ಕೇಳಿದ ಮಾತುಗಳು ಪ್ರಯೋಜನಕ್ಕೆ ಬಂದವು. ಇಪ್ಪತ್ತು ವರ್ಷ ದಾಟಿದ ಮೇಲೆ ಮನುಷ್ಯನ ಎಲುಬುಗಳ ಅಳತೆ ಬಹುಮಟ್ಟಿಗೆ ಬದಲಾಗುವುದಿಲ್ಲ. ಒಂದು ಅಳತೆಯಲ್ಲಿ ಇಬ್ಬರು ಸಮನಾಗಿರಬಹುದು. ಹನ್ನೊಂದು ಅಳತೆಗಳಲ್ಲಿಯೂ ಸಮನಾಗಿರುವ ಇಬ್ಬರು ಸಿಕ್ಕುವುದು ದುರ್ಲಭ. ಎತ್ತರ, ಚಾಚಿದ ತೋಳುಗಳ ಹರವು, ಕುಳಿತಾಗಿನ ಎತ್ತರ, ತಲೆಯ ಉದ್ದ ಅಗಲ, ಬಲಗಿವಿ, ಎಡಗಾಲಿನ ಪಾದ, ಎಡಗೈಯ ನಡುಬೆರಳು, ಕಿರುಬೆರಳು, ಮುಂಗೈ ಮೊದಲಾದುವನ್ನು ಆತನು ಆರಿಸಿಕೊಂಡನು. ದುಡಿಮೆಯಿಂದ ಬಲಗೈ ಮಾರ್ಪಡುವಷ್ಟು ಎಡಗೈ ಮಾರ್ಪಡುವುದಿಲ್ಲವಾದ್ದರಿಂದ ಎಡಭಾಗಕ್ಕೆ ಪ್ರಾಶಸ್ತ್ಯ. ಹನ್ನೊಂದೂ ಅಳತೆಗಳು ಹೊಂದುವ ಸಂಭವ ಸುಮಾರು 41,94,304ರಲ್ಲಿ ಒಂದು ಎಂಬುದು ಆ ಪದ್ಧತಿಯ ಲೆಕ್ಕ.

ಆದರೆ ಬರ್ಟಿಲಾನನ ನಿಜವಾದ ಜಾಣ್ಮೆಯಿದ್ದುದು ಅಳೆಯುವುದರಲ್ಲಲ್ಲ, ಅಳೆದುದನ್ನು ಜೋಡಿಸಿಡುವುದರಲ್ಲಿ ಎಂದು ನನಗೆ ತೋರುತ್ತದೆ. ಪ್ರತಿಯೊಂದು ಅಳತೆಯನ್ನೂ ಸಣ್ಣದು, ನಡುವಣದು, ದೊಡ್ಡದು ಎಂದು ಮೂರು ಪಾಲು ಮಾಡಿದನು. 90,000 ಚೀಟಿಗಳಿವೆ ಎನ್ನೋಣ. ತಲೆಯ ಉದ್ದ ನೋಡಿದೊಡನೆ 30,000 ಉಳಿಯುತ್ತವೆ. ತಲೆಯ ಅಗಲ ನೋಡಿದರೆ 10,000. ನಡುಬೆರಳು ನೋಡಿದರೆ ಮೂರು ಸಾವಿರ ಚಿಲ್ಲರೆ. ಹೀಗೆಯೇ ಇಳಿಯುತ್ತ ಹೋದರೆ ಕೊನೆಗೆ ಒಂದು ಸಣ್ಣ ಖಾನೆಯಲ್ಲಿರುವ ಹತ್ತಾರು ಚೀಟಿಗಳನ್ನು ತಿರುವಿದರೆ ಸಾಕು. ಹೆಸರನ್ನು ಕೇಳಬೇಕಾದ ಅಗತ್ಯವೇ ಇಲ್ಲ.

ಈ ಸಲಹೆಯನ್ನು ಕಂಡು ಪೋಲೀಸ್ ಮುಖ್ಯಾಧಿಕಾರಿ ಆಂದ್ರಿಯೋ ಪರಿಹಾಸ್ಯವೆಂದೇ ತಿಳಿದನು. ಮೂರು ವರ್ಷ ಕಾದದ್ದಾಯಿತು. 1882ರ ಕೊನೆಗೆ ಹೊಸ ಅಧಿಕಾರಿ ಕಾಮೆಕಾಸ್ ಎಂಬಾತನು ಮೂರು ತಿಂಗಳ ಗಡುವು ಕೊಟ್ಟನು. ಅಷ್ಟರೊಳಗೆ ಒಬ್ಬನಾದರೂ ಹಳೆಯ ಅಪರಾಧಿ ಅಳತೆಯಿಂದ ಸಿಕ್ಕಬೇಕು. 1883ರ ಫೆಬ್ರವರಿಯಲ್ಲಿ, ಗಡುವು ತೀರುತ್ತ ಬಂದಾಗ, ದ್ಯೂಪೋಂ ಎಂದು ಹೆಸರು ಹೇಳಿದ ಒಬ್ಬನ ಅಳತೆ ಹಳೆಯ ಚೀಟಿಯೊಂದಕ್ಕೆ ಹೊಂದಿತು. ಚೀಟಿಯಲ್ಲಿದ್ದ ಹೆಸರು ಬೇರೆ! 1884ರ ಒಂದೇ ವರ್ಷದಲ್ಲಿ 241 ಮಂದಿ ಹಳೆಯ ಅಪರಾಧಿಗಳು ಹೀಗೆ ಬಯಲಿಗೆ ಬಿದ್ದರು. ಮರುವರ್ಷವೇ, ಪದೇ ಪದೇ ಅಪರಾಧ ಮಾಡುವವರನ್ನು ಸಮುದ್ರದಾಚೆಯ ವಸಾಹತುಗಳಿಗೆ ಸಾಗಿಸುವ ಕಾನೂನು ಫ್ರಾನ್ಸಿನಲ್ಲಿ ಬಂದಿತು. ಗುಮಾಸ್ತನ ಚೀಟಿಗೆ ಬಂದ ಬೆಲೆ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು. ಒಬ್ಬನು ಊರಿನಲ್ಲಿ ಉಳಿಯುವುದೋ ಗಯಾನಾದ ಕಾಡಿಗೆ ಹೋಗುವುದೋ ಆ ಚೀಟಿಯನ್ನು ಅವಲಂಬಿಸಿತ್ತು.

ಮುಂದೆ ಕೀರ್ತಿ ಬೇಗಬೇಗ ಬಂದಿತು. ಮುಖದ ಎದುರಿನಿಂದ ಒಂದು, ಪಕ್ಕದಿಂದ ಒಂದು ಭಾವಚಿತ್ರ ತೆಗೆಯುವ ನಿಯಮವನ್ನು ಸ್ಥಿರಪಡಿಸಿದವನು ಈತನೇ. ಇಂದಿಗೂ ಠಾಣೆಗಳಲ್ಲಿ ನಡೆಯುವುದು ಅದೇ. 1892ರಲ್ಲಿ ಪ್ಯಾರಿಸನ್ನು ಬಾಂಬುಗಳಿಂದ ನಡುಗಿಸಿದ ರಾವಶೋಲ್ ಎಂಬ ಅರಾಜಕವಾದಿಯ ಪೂರ್ವಚರಿತ್ರೆಯನ್ನು ಹಳೆಯ ಅಳತೆಯೊಂದರಿಂದ ಹೊರಗೆಳೆದಾಗ ಬರ್ಟಿಲಾನನು ರಾಷ್ಟ್ರದಲ್ಲೆಲ್ಲ ಮನೆಮಾತಾದನು. ಷರ್ಲಾಕ್ ಹೋಮ್ಸನ ಕಥೆಯೊಂದರಲ್ಲಿಯೂ ಈತನ ಹೆಸರು ಬರುತ್ತದೆ.

ಇಲ್ಲಿಗೆ ನಿಲ್ಲಿಸಬಹುದಾಗಿದ್ದರೆ ಇದು ಒಬ್ಬ ಸಾಧಕನ ಸುಖಾಂತ ಕಥೆಯಾಗುತ್ತಿತ್ತು. 1894ರಲ್ಲಿ ಜರ್ಮನರಿಗೆ ಸೈನ್ಯದ ಗುಟ್ಟುಗಳನ್ನು ಮಾರಲು ಒಪ್ಪಿ ಬರೆದ ಒಂದು ಸಹಿಯಿಲ್ಲದ ಕಾಗದ ಫ್ರೆಂಚ್ ಸೇನೆಯ ಕೈಗೆ ಸಿಕ್ಕಿತು. ಅನುಮಾನ ಬಿದ್ದುದು ಆಲ್ಫ್ರೆಡ್ ಡ್ರೇಫಸ್ ಎಂಬ ಯೆಹೂದಿ ಅಧಿಕಾರಿಯ ಮೇಲೆ. ಕೈಬರಹವನ್ನು ಹೋಲಿಸಲು ಬರ್ಟಿಲಾನನನ್ನು ಕರೆದರು. ಕೈಬರಹ ಆತನ ವಿದ್ಯೆಯಲ್ಲ. ಆದರೂ ಆತನು ಹಿಂಜರಿಯಲಿಲ್ಲ. ಅಕ್ಷರಗಳು ಡ್ರೇಫಸನವನ್ನು ಹೋಲುವ ಕಡೆ ಅದು ಅವನೇ ಬರೆದುದಕ್ಕೆ ಸಾಕ್ಷಿ ಎಂದನು. ಹೋಲದ ಕಡೆ, ಸಿಕ್ಕಿಬಿದ್ದರೆ ಇದು ಬೇರೆಯವರ ಕೃತ್ರಿಮವೆಂದು ವಾದಿಸುವ ಸಲುವಾಗಿ ಡ್ರೇಫಸನು ತನ್ನ ಬರಹವನ್ನು ತಾನೇ ಅನುಕರಿಸಿ ಕೆಡಿಸಿದ್ದಾನೆ ಎಂದನು. ಹೀಗಾದ ಮೇಲೆ ಯಾವ ಬರಹ ತಾನೇ ಅವನನ್ನು ನಿರಪರಾಧಿಯೆಂದು ತೋರಿಸಲು ಸಾಧ್ಯ? ಡ್ರೇಫಸನು ಡೆವಿಲ್ಸ್ ದ್ವೀಪದಲ್ಲಿ ನಾಲ್ಕು ವರ್ಷಕ್ಕೂ ಮಿಕ್ಕಿ ಏಕಾಂತ ಸೆರೆಯನ್ನು ಅನುಭವಿಸಿದನು. ಆ ಕಾಗದ ಎಸ್ಟರ್‌ಹೇಜಿ ಎಂಬ ಬೇರೊಬ್ಬ ಅಧಿಕಾರಿಯ ಬರಹವೆಂದು ಈ ನಡುವೆ ಕಂಡುಬಂದಿತ್ತು. ಆದರೂ 1899ರಲ್ಲಿ ರೆನ್ ನಗರದ ಮರುವಿಚಾರಣೆಯಲ್ಲಿ ಬರ್ಟಿಲಾನನು ನಕ್ಷೆಗಳನ್ನು ಹಿಡಿದು ಬಂದು ತನ್ನ ಹಳೆಯ ವಾದವನ್ನೇ ಮಂಡಿಸಿದನು. ಹಿಡಿದ ಮೊಲಕ್ಕೆ ಮೂರೇ ಕಾಲು! 1904ರಲ್ಲಿ ಪ್ವಾಂಕಾರೆ, ದಾರ್ಬು, ಆಪೆಲ್ ಎಂಬ ಮೂವರು ಗಣಿತಜ್ಞರು ಆ ಲೆಕ್ಕವನ್ನೆಲ್ಲ ಪರೀಕ್ಷಿಸಿ, ಅದಕ್ಕೆ ಯಾವ ವೈಜ್ಞಾನಿಕ ಬೆಲೆಯೂ ಇಲ್ಲವೆಂದು ತೀರ್ಮಾನಿಸಿದರು. 1906ರಲ್ಲಿ ಡ್ರೇಫಸನು ನಿರಪರಾಧಿಯೆಂದು ಸಾರಲ್ಪಟ್ಟನು. ಬರ್ಟಿಲಾನನು ಮಾತ್ರ ತನ್ನ ಅಭಿಪ್ರಾಯವನ್ನು ಬಿಡಲಿಲ್ಲ. ಎಲುಬನ್ನು ಅಷ್ಟು ಎಚ್ಚರದಿಂದ ಅಳೆದವನು ಅಕ್ಷರದ ಮುಂದೆ ಹೀಗೇಕಾದನು ಎಂಬುದು ಯೋಚಿಸತಕ್ಕ ವಿಷಯ. ಅಳತೆಗೋಲು ಕೈಯಲ್ಲಿದ್ದಾಗ ತಾನು ಹೇಳಿದ್ದೆಲ್ಲ ಅಳತೆಯೇ ಎಂಬ ಭ್ರಮೆ ಆತನಿಗೆ ಹಿಡಿದಿರಬೇಕು.

ಇಷ್ಟರಲ್ಲಿ ಆತನ ಪದ್ಧತಿಯನ್ನು ಮೂಲೆಗುಂಪು ಮಾಡುವ ವಿದ್ಯೆ ನಮ್ಮ ದೇಶದಲ್ಲಿ ಬೆಳೆಯುತ್ತಿತ್ತು. ಬಂಗಾಳದ ಜಂಗೀಪುರದಲ್ಲಿ 1858ರಲ್ಲಿಯೇ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಬ್ಬ ಗುತ್ತಿಗೆದಾರನಿಂದ ಕರಾರು ಪತ್ರದ ಮೇಲೆ ಅಂಗೈಯ ಮುದ್ರೆಯನ್ನು ಒತ್ತಿಸಿಕೊಂಡಿದ್ದನು. 1892ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಬೆರಳಿನ ರೇಖೆಗಳ ಮೇಲೆ ಗ್ರಂಥವನ್ನು ಬರೆದನು. ಬಂಗಾಳದ ಪೋಲೀಸರು ಮೊದಲು ಬರ್ಟಿಲಾನನ ಅಳತೆಯನ್ನೇ ಅನುಸರಿಸಿದ್ದರು. ಆದರೆ ಅದಕ್ಕೆ ದುಬಾರಿ ಉಪಕರಣಗಳು ಬೇಕು, ತರಬೇತಾದ ಜನ ಬೇಕು. ಒಬ್ಬ ಅಳೆದಂತೆ ಮತ್ತೊಬ್ಬ ಅಳೆಯುವುದಿಲ್ಲ. ಬೆರಳಚ್ಚಿಗೆ ಮಸಿಯೂ ಕಾಗದವೂ ಇದ್ದರಾಯಿತು. ಇನ್ಸ್‌ಪೆಕ್ಟರ್ ಜನರಲ್ ಎಡ್ವರ್ಡ್ ಹೆನ್ರಿಯ ಕೈಕೆಳಗಿದ್ದ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಹತ್ತು ಬೆರಳುಗಳ ರೇಖೆಗಳನ್ನು 1,024 ವರ್ಗಗಳಲ್ಲಿ ವಿಂಗಡಿಸುವ ಕ್ರಮವನ್ನು ರೂಪಿಸಲು ದುಡಿದರು. ಪದ್ಧತಿಗೆ ನಿಂತ ಹೆಸರು ಹೆನ್ರಿಯದು. ಇವರಿಗೆ ದೊರೆತುದು ಖಾನ್ ಬಹಾದ್ದೂರ್, ರಾಯ್ ಬಹಾದ್ದೂರ್ ಬಿರುದುಗಳು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ದಫ್ತರು ಪ್ರಾರಂಭವಾಯಿತು. 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅದನ್ನು ಅನುಸರಿಸಿತು.

ಬರ್ಟಿಲಾನನು ಬೆರಳಚ್ಚನ್ನು ಪೂರ್ತಿ ತಳ್ಳಿಹಾಕಲಿಲ್ಲ. ತನ್ನ ಚೀಟಿಯ ಒಂದು ಮೂಲೆಯಲ್ಲಿ ಅದಕ್ಕೆ ಜಾಗ ಕೊಟ್ಟನು. ವಿನೋದವೆಂದರೆ, 1902ರಲ್ಲಿ ಒಡೆದ ಗಾಜಿನ ಮೇಲಿನ ಬೆರಳ ಗುರುತಿನಿಂದಲೇ ಶೆಫರ್ ಎಂಬ ಕೊಲೆಗಾರನನ್ನು ಪತ್ತೆಮಾಡಿ ಯೂರೋಪಿನಲ್ಲಿ ಹೆಸರು ಪಡೆದವನೂ ಈತನೇ. ಆದರೆ ದಫ್ತರಿನ ಬೀರುಗಳು ಎಲುಬಿನ ಅಳತೆಯ ಕ್ರಮದಲ್ಲಿಯೇ ಉಳಿದುವು. 1911ರ ಆಗಸ್ಟಿನಲ್ಲಿ ಲೂವ್ರ್ ವಸ್ತುಸಂಗ್ರಹಾಲಯದಿಂದ ಮೋನಾಲಿಸಾ ಚಿತ್ರ ಕಳುವಾಯಿತು. ಕಳ್ಳನು ಗಾಜಿನ ಮೇಲೆ ತನ್ನ ಹೆಬ್ಬೆರಳಿನ ಗುರುತನ್ನು ಬಿಟ್ಟುಹೋಗಿದ್ದನು. ಆ ಕಳ್ಳ ವಿಂಚೆಂಜೋ ಪೆರುಜಿಯಾ ಹಿಂದೆ ಪೋಲೀಸರ ಕೈಗೆ ಸಿಕ್ಕಿದ್ದವನೇ. ಅವನ ಚೀಟಿ ಬರ್ಟಿಲಾನನ ದಫ್ತರಿನಲ್ಲಿಯೇ ಇದ್ದಿತು. ಆದರೆ ಗಾಜಿನ ಮೇಲೆ ತಲೆಯ ಉದ್ದ ಅಗಲಗಳು ಮೂಡಿರಲಿಲ್ಲವಲ್ಲ! ಬೆರಳ ಗುರುತೊಂದನ್ನೇ ಹಿಡಿದು ಆ ಖಾನೆಗಳಲ್ಲಿ ಹುಡುಕಲು ದಾರಿಯೇ ಇರಲಿಲ್ಲ. 1913ರ ಡಿಸೆಂಬರಿನಲ್ಲಿ ಪೆರುಜಿಯಾ ಫ್ಲಾರೆನ್ಸ್ ನಗರದಲ್ಲಿ ಚಿತ್ರವನ್ನು ಮಾರಲು ಹೋಗಿ ತಾನಾಗಿಯೇ ಸಿಕ್ಕಿಬಿದ್ದನು.

ಅದಾದ ಎರಡೇ ತಿಂಗಳಿಗೆ, 1914ರ ಫೆಬ್ರವರಿ 13ರಂದು, ಬರ್ಟಿಲಾನನು ಪ್ಯಾರಿಸಿನಲ್ಲಿ ತೀರಿಕೊಂಡನು. ಆತನ ಅನಂತರ ಫ್ರಾನ್ಸೂ ಬೆರಳಚ್ಚಿನ ಕಡೆಗೆ ತಿರುಗಿತು. ಆದರೆ ಅಳತೆಯ ಪಟ್ಟಿ ಒಂದು ಕಡೆ ಉಳಿದುಕೊಂಡಿತು. 1912ರ ಜುಲೈ ತಿಂಗಳ ಕಾನೂನಿನಂತೆ, ಊರೂರು ಅಲೆದು ಜೀವಿಸುವ ಅಲೆಮಾರಿ ಜನರೆಲ್ಲ, ಯಾವ ಅಪರಾಧವನ್ನೂ ಮಾಡದಿದ್ದರೂ, ಹದಿಮೂರು ವರ್ಷ ದಾಟಿದ ಹುಡುಗ ಹುಡುಗಿಯರೂ ಸೇರಿ, ತಲೆ, ಕಿವಿ, ಬೆರಳು, ಪಾದಗಳ ಅಳತೆಯನ್ನು ಬರೆದ ಒಂದು ಪುಸ್ತಕವನ್ನು ಸದಾ ಜೊತೆಯಲ್ಲಿ ಒಯ್ಯಬೇಕಾಗಿತ್ತು. ಊರಿಗೆ ಬಂದಾಗ ಒಂದು ಮೊಹರು, ಊರು ಬಿಡುವಾಗ ಇನ್ನೊಂದು. ಅಳೆದವನು ಸತ್ತು ಅರ್ಧ ಶತಮಾನ ಕಳೆದ ಮೇಲೂ ಆ ಪುಸ್ತಕಕ್ಕೆ ಮೊಹರು ಬೀಳುತ್ತಲೇ ಇದ್ದಿತು. ಅದು ರದ್ದಾದುದು 1969ರ ಜನವರಿಯಲ್ಲಿ.