ಐಡಾ ಸ್ಕಡರ್: ಮೂರು ಸಲ ಬಾಗಿಲು ತಟ್ಟಿದ ರಾತ್ರಿ

ನಿಮ್ಮಲ್ಲಿ ಎಷ್ಟೋ ಜನ ಮನೆಯವರನ್ನ ಕರ್ಕೊಂಡು ವೆಲ್ಲೂರು ಸಿಎಂಸಿಗೆ ಹೋಗಿ ಬಂದಿದ್ದೀರಿ. ಆ ಆಸ್ಪತ್ರೆಯ ಹಿಂದೆ ಮೂವರು ಗರ್ಭಿಣಿಯರ ಸಾವಿದೆ. ಅದನ್ನ ಇವತ್ತು ಹೇಳ್ತೀನಿ.

ಐಡಾ ಸ್ಕಡರ್ 1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದರು. ತಾತ, ತಂದೆ ಇಬ್ಬರೂ ಅಮೆರಿಕದಿಂದ ಬಂದ ಮಿಷನರಿ ಡಾಕ್ಟರುಗಳು. ಐಡಾಗೆ ಮಾತ್ರ ಈ ಸೇವೆ ಬೇಡವಾಗಿತ್ತು. ಅಮೆರಿಕದಲ್ಲೇ ಓದಿ, ಮದುವೆಯಾಗಿ, ಆರಾಮಾಗಿ ಇರಬೇಕು ಅನ್ನೋದು ಅವರ ಆಸೆ. ನಮ್ಮ ಹಾಗೇ ಅಲ್ವಾ? ತಾಯಿಗೆ ಹುಷಾರಿಲ್ಲ ಅಂತ 1890ರಲ್ಲಿ ತಿಂಡಿವನಕ್ಕೆ ಬಂದರು, ಸ್ವಲ್ಪ ಕಾಲ ಇದ್ದು ಹೋಗೋಣ ಅಂತ.

ಒಂದು ರಾತ್ರಿ ಒಬ್ಬ ಬ್ರಾಹ್ಮಣ ಯುವಕ ಬಾಗಿಲು ತಟ್ಟಿದ. ಹೆಂಡತಿಗೆ ಹೆರಿಗೆ ಆಗ್ತಿಲ್ಲ, ನೀವು ಬರಬೇಕು ಅಂದ. ನನಗೆ ವೈದ್ಯ ಗೊತ್ತಿಲ್ಲ, ತಂದೆ ಬರ್ತಾರೆ ಅಂದರು ಐಡಾ. ಪರಗಂಡಸು ಬರೋದು ಬೇಡ ಅಂತ ಅವನು ಹೊರಟುಹೋದ. ಆಮೇಲೆ ಒಬ್ಬ ಮುಸ್ಲಿಂ, ಆಮೇಲೆ ಇನ್ನೊಬ್ಬ ಹಿಂದೂ. ಅದೇ ಕೋರಿಕೆ, ಅದೇ ಉತ್ತರ. ಬೆಳಗಾಗೋಷ್ಟರಲ್ಲಿ ಮೂವರು ಹೆಂಗಸರೂ ತೀರಿಹೋಗಿದ್ದರು.

ದೇವರು ಕರೆಯುತ್ತಿದ್ದಾನೆ ಅಂತ ಐಡಾಗೆ ಗೊತ್ತಾಯಿತು. ಹೋಗಿ ಡಾಕ್ಟರಿ ಓದಿದರು. 1899ರಲ್ಲಿ ನ್ಯೂಯಾರ್ಕಿನ ಕಾರ್ನೆಲ್‌ನಲ್ಲಿ ಪದವಿ ಪಡೆದು, ಮರುವರ್ಷ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಕ್ಲಿನಿಕ್ ತೆರೆದರು. 1902ಕ್ಕೆ 40 ಹಾಸಿಗೆಯ ಆಸ್ಪತ್ರೆ. ಒಬ್ಬಳೇ ಎಷ್ಟು ಮನೆಗೆ ಓಡಲಿ? ಅದಕ್ಕೇ 1918ರಲ್ಲಿ ಹೆಣ್ಣುಮಕ್ಕಳಿಗೆ ಮೆಡಿಕಲ್ ಸ್ಕೂಲ್ ಶುರುಮಾಡಿದರು. ಮದುವೆಯಾಗಲಿಲ್ಲ. 1960ರಲ್ಲಿ ಕರ್ತನಲ್ಲಿ ನಿದ್ರೆಹೋದರು.

ಈಗ ನನ್ನ ಸಾಕ್ಷಿ. ನನ್ನ ಹೆಂಡತಿಗೆ ಎಂಟನೇ ತಿಂಗಳಲ್ಲಿ ಒಂದು ರಾತ್ರಿ ವಿಪರೀತ ತಲೆನೋವು, ಕಣ್ಣು ಮಂಜು. ನಾನು ಕೈಯಿಟ್ಟು ಪ್ರಾರ್ಥಿಸಿ, ಮಲಗು, ಬೆಳಿಗ್ಗೆ ನೋಡೋಣ ಅಂದೆ. ನಮ್ಮ ಅತ್ತೆ ಕೇಳಲಿಲ್ಲ, ಆಟೋ ಕರೆಸಿದರು. ಬಿಪಿ ಅಷ್ಟು ಏರಿತ್ತು, ಇನ್ನು ಸ್ವಲ್ಪ ತಡವಾಗಿದ್ರೆ ಫಿಟ್ಸ್ ಬರಬಹುದಿತ್ತು ಅಂದರು ಡಾಕ್ಟರಮ್ಮ. ಆ ರಾತ್ರಿಯೇ ಆಪರೇಷನ್ ಆಯಿತು. ತಾಯಿ, ಮಗು ಇಬ್ಬರೂ ಉಳಿದರು, ಸ್ತೋತ್ರ. ಆದರೆ ಪ್ರಿಯರೇ, ತಿಂಡಿವನದ ಆ ಗಂಡಂದಿರ ಸಾಲಿನಲ್ಲಿ ನಾಲ್ಕನೆಯವನಾಗಿ ನಾನು ನಿಂತಿದ್ದೆ. ಅವರಿಗೆ ಸಂಪ್ರದಾಯ ಅಡ್ಡ ಬಂತು, ನನಗೆ ನನ್ನ ಅರೆಬರೆ ವಿಶ್ವಾಸ.

ಬಿಪಿ ಏರಿ ಫಿಟ್ಸ್ ಬರೋದು, ಹೆರಿಗೆಗೆ ಮೊದಲೇ ಮಾಸು ಕಳಚಿ ರಕ್ತ ಹೋಗೋದು, ಗರ್ಭಕೋಶ ಒಡೆಯೋದು, ಇವೆಲ್ಲ ಅಪರೂಪ. ಬಂದರೆ ಮಾತ್ರ ಬೆಳಗಿನ ತನಕ ಕಾಯೋದಿಲ್ಲ. ಬಿಡದ ತಲೆನೋವು, ಕಣ್ಣು ಮಂಜಾಗೋದು, ಮುಖ ಊದೋದು, ರಕ್ತಸ್ರಾವ, ಬಿಡದ ಹೊಟ್ಟೆನೋವು, ಮಗುವಿನ ಓಡಾಟ ಕಡಿಮೆಯಾಗೋದು: ಇದರಲ್ಲಿ ಒಂದು ಕಂಡರೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ ಪ್ರಾರ್ಥಿಸಿ, ನನಗೆ ಫೋನ್ ಮಾಡಿ, ನಾನೂ ಪ್ರಾರ್ಥಿಸ್ತೀನಿ. ಆದರೆ ಮೊದಲು ಗಾಡಿ ಹತ್ತಿ.

ನಮ್ಮ ಸಭೆಯಲ್ಲಿರೋ ನರ್ಸಿಂಗ್, ಮೆಡಿಕಲ್ ಓದುವ ತಂಗಿಯರೇ, ನಿಮ್ಮ ಓದೂ ದೇವರ ಸೇವೆಯೇ. ಎಲ್ಲರೂ ಎದ್ದು ನಿಲ್ಲೋಣ, ಗರ್ಭಿಣಿ ಸಹೋದರಿಯರಿಗಾಗಿ ಪ್ರಾರ್ಥಿಸೋಣ. ಆಮೆನ್.