ಹಾಫ್‌ಕಿನ್: ಪ್ಲೇಗಿಗೆ ಲಸಿಕೆ ಕೊಟ್ಟವರು

ನಮ್ಮ ಇಳಕಲ್ ಆಗ ವಿಜಾಪುರ ಜಿಲ್ಲೆಯಲ್ಲಿತ್ತು, ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಮುಂದೆ ನಮ್ಮ ಕಡೆಯ ಊರುಗಳಲ್ಲೂ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡರು. ಆ ರೋಗಕ್ಕೆ ಲಸಿಕೆ ಕಂಡುಹಿಡಿದವರು ವಾಲ್ಡೆಮಾರ್ ಹಾಫ್‌ಕಿನ್.

1860ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಇವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ತಯಾರಿಸಿದ್ದರು. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಪುಟ್ಟ ಲ್ಯಾಬಿನಲ್ಲಿ ಪ್ಲೇಗಿನ ರೋಗಾಣು ಬೆಳೆಸಿ, ಕಾಯಿಸಿ ಕೊಂದು, ಅದರಿಂದಲೇ ಲಸಿಕೆ ಮಾಡಿದರು. 1897ರ ಜನವರಿ 10ರಂದು ಮೊದಲು ಚುಚ್ಚಿಸಿಕೊಂಡದ್ದು ತಾವೇ! ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಲ್ಯಾಬಿನಲ್ಲಿ ಕಾರ್ಬಾಲಿಕ್ ಆಮ್ಲ ಹಾಕುವುದನ್ನು ಬಿಟ್ಟಿದ್ದೇ ಕಾರಣ ಅಂತ ಹಾಫ್‌ಕಿನ್ ಮೇಲೆ ತಪ್ಪು ಹೊರಿಸಿ ಕೆಲಸದಿಂದ ದೂರ ಇಟ್ಟರು. ಆದರೆ ಆ 19 ಮಂದಿಗೂ ಚುಚ್ಚಿದ್ದು ಒಂದೇ ಬಾಟಲಿಯಿಂದ. ಬೇರೆ ಬಾಟಲಿಯವರಿಗೆ ಏನೂ ಆಗಿರಲಿಲ್ಲ. ಆ ಬಾಟಲಿ ಬಿಚ್ಚುವಾಗ ಹಳ್ಳಿಯಲ್ಲೇ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡಿರಲಿಲ್ಲ. ರೊನಾಲ್ಡ್ ರಾಸ್‌ರಂಥ ವಿಜ್ಞಾನಿಗಳು ಪರವಾಗಿ ನಿಂತ ಮೇಲೆ, 1907ರಲ್ಲಿ ಅವರ ಮೇಲಿನ ಕಳಂಕ ಹೋಯ್ತು. ಆಗಲೇ ಐದು ವರ್ಷ ಕಳೆದುಹೋಗಿತ್ತು.

1925ರಲ್ಲಿ ಮುಂಬಯಿಯ ಆ ಪ್ರಯೋಗಾಲಯಕ್ಕೆ ಅವರದೇ ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಅವರು ತೀರಿಕೊಂಡರು.

ಲ್ಯಾಬ್ ರೆಕಾರ್ಡ್ ಬರೆಯೋಕೆ ನಮಗೆಲ್ಲ ಬೇಜಾರು. ಆದರೆ ಯಾವ ಬಾಟಲಿಯಿಂದ ಯಾರಿಗೆ ಕೊಟ್ಟರು ಅನ್ನೋ ಲೆಕ್ಕ ಇದ್ದದ್ದರಿಂದಲೇ ಸತ್ಯ ಹೊರಬಿತ್ತು. ನಾವು ಇದನ್ನು ಮರೆಯಬಾರದು.